ಅಂಕಿ ಮೇಲಕ್ಕೆ ಹೋಗುವ ಮೊದಲು

ಚಿ. ಪುಟ್ಟಿಗೆ ಧಾರವಾಡದಿಂದ ದೊಡ್ಡವ್ವನ ಆಶೀರ್ವಾದಗಳು.

ರಾಯಚೂರಿನ ಬಿಸಿಲು ಹೇಗಿದೆಯೆಂದು ಕೇಳುವುದಿಲ್ಲ, ಅದನ್ನು ನಾನೂ ಉಂಡವಳೇ. ಫೀಲ್ಡಿಗೆ ಹೊರಟಾಗ ನೀರಿನ ಬಾಟಲಿ ಎರಡಿರಲಿ. ಮಟಮಟ ಮಧ್ಯಾಹ್ನ ಬೈಕಿನ ಮೇಲೆ ತಿರುಗಬೇಡ. ಇಷ್ಟು ಬರೆದರೆ ನಿನ್ನವ್ವ ನನಗೆ ವಹಿಸಿದ ಕೆಲಸ ಮುಗಿಯಿತು. ಇನ್ನು ಮುಂದಿನದು ನನ್ನ ಮಾತು.

ಮೊನ್ನೆ ಫೋನಿನಲ್ಲಿ ನೀನು ಬೇಸತ್ತಿದ್ದೆ. "ದೊಡ್ಡವ್ವ, ನಮ್ಮ ಸಿಬ್ಬಂದಿಗೆ ಡೇಟಾ ಅಂದ್ರ ಏನಂತನ ಗೊತ್ತಿಲ್ಲ. ಟ್ಯಾಬ್ ಕೊಟ್ಟೀವಿ, ಆಪ್ ಕೊಟ್ಟೀವಿ, ಬರೋದೆಲ್ಲ ಕಸ" ಎಂದೆ. ಬೆಂಗಳೂರಿನಿಂದ ಒಬ್ಬರನ್ನು ಕರೆಸಿ ಎರಡು ದಿನದ ಎಕ್ಸೆಲ್ ತರಬೇತಿ ಇಡುತ್ತೇನೆ, ಪಿವಟ್ ಟೇಬಲ್ ಕಲಿಸುತ್ತಾರೆ, ಆಮೇಲೆ ಡ್ಯಾಶ್‌ಬೋರ್ಡ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳಿದೆ. ನಾನು ಹೂಂ ಅಂದೆ. ನಿನಗೆ ಮೀಟಿಂಗಿಗೆ ಹೊತ್ತಾಗಿತ್ತು, ಉತ್ಸಾಹದಲ್ಲಿದ್ದವಳನ್ನು ತಡೆದು ನಿಲ್ಲಿಸಲು ನನಗೂ ಮನಸ್ಸಾಗಲಿಲ್ಲ. ಆದರೆ ರಾತ್ರಿ ನಿದ್ದೆ ಬಾರದೆ ಆ 'ಗೊತ್ತಿಲ್ಲ' ಎನ್ನುವ ಮಾತೇ ತಲೆಯಲ್ಲಿ ಸುತ್ತತೊಡಗಿತು. ಆದ್ದರಿಂದ ಈ ಕಾಗದ. ಉದ್ದವಾದರೆ ಎರಡು ಸಲಕ್ಕೆ ಓದು.

ನಿಜವಾಗಿಯೂ ಅವರಿಗೆ ಗೊತ್ತಿಲ್ಲವೇ? ನಿನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಾರೆ ಎಂದು ಒಮ್ಮೆ ವಿಚಾರಿಸು. ನೂರಕ್ಕೆ ಎರಡರಂತೆ ಬಡ್ಡಿ, ನಡುವೆ ತಪ್ಪಿದ ಎರಡು ಕಂತು, ಅದರ ದಂಡ, ಇದನ್ನೆಲ್ಲ ಅವರು ಕಾಗದ ಮುಟ್ಟದೆ ಹೇಳುತ್ತಾರೆ. ಹತ್ತಿ ಎಷ್ಟು ಕ್ವಿಂಟಲ್ ಬಂತು, ಬಿಡಿಸಿದ ಕೂಲಿ ಎಷ್ಟಾಯಿತು, ಡಿಎಪಿ ಚೀಲಕ್ಕೆ ಎಷ್ಟು ಹೋಯಿತು, ಕಡೆಗೆ ಕೈಯಲ್ಲಿ ಉಳಿದದ್ದೇನು ಎನ್ನುವ ಲೆಕ್ಕಕ್ಕೆ ಅವರಿಗೆ ಯಾವ ಆಪೂ ಬೇಕಿಲ್ಲ. ಇಂಥವರು ನಿನ್ನ ಫಾರ್ಮ್ಯಾಟಿನ ಮುಂದೆ ಕೂತ ಕೂಡಲೇ ಮಂಕಾಗುತ್ತಾರೆ ಎಂದರೆ ಕೊರತೆ ಅವರ ತಲೆಯಲ್ಲಿರಲಿಕ್ಕಿಲ್ಲ.

ನಿನ್ನ ಅಜ್ಜಿಯ ಸಂಗತಿ ಹೇಳುತ್ತೇನೆ. ನೀನು ಹುಟ್ಟುವ ಮೊದಲಿನದು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಊರಿನ ಹಾಲಿನ ಸೊಸೈಟಿಗೆ ಎಮ್ಮೆ ಹಾಲು ಹಾಕಿ ಬರುವಾಗ ಅಲ್ಲಿ ಕೊಟ್ಟ ಚೀಟಿಯ ಮೇಲಿನ ಫ್ಯಾಟ್ ಅಂಕಿಯನ್ನು ಮಾತ್ರ ಗುರುತು ಹಿಡಿಯುತ್ತಿದ್ದಳು. ನಿನ್ನೆ 6.8 ಇದ್ದದ್ದು ಇವತ್ತು 6.1 ಆಯಿತೆಂದರೆ ಮನೆಗೆ ಬಂದವಳೇ ವಿಚಾರಣೆ ಶುರು. ಒಣಮೇವು ಕಡಿಮೆ ಬಿತ್ತೇ? ಕಡೆಯ ಗಟ್ಟಿ ಹಾಲನ್ನೆಲ್ಲ ಕರುವಿಗೆ ಬಿಟ್ಟರೇ? ಇಲ್ಲವೇ ಸ್ಯಾಂಪಲ್ ತೆಗೆಯುವಾಗ ಸೆಕ್ರೆಟರಿ ಹಾಲನ್ನು ಕಲಕದೆ ತಳದಿಂದ ಎತ್ತಿದನೇ? ಮೊದಲೆರಡೂ ಅಲ್ಲವೆಂದು ಗಟ್ಟಿಯಾದ ಮೇಲೆ ಮರುದಿನ ಸೊಸೈಟಿಯ ಕಟ್ಟೆಯ ಮೇಲೆ ನಿಂತು, "ಕಲಕಿ ತಗೀಪಾ" ಎನ್ನುತ್ತಿದ್ದಳು. ನೀನು ಎಂ.ಎ. ಓದುವಾಗ ಕಲಿತದ್ದನ್ನೇ ಅವಳು ಮಾಡುತ್ತಿದ್ದಳು. ಅಂಕಿ ಬದಲಾದದ್ದು ಲೋಕ ಬದಲಾದ್ದರಿಂದಲೋ, ಅಳೆದ ರೀತಿ ಬದಲಾದ್ದರಿಂದಲೋ ಎಂದು ಬೇರ್ಪಡಿಸಿ ನೋಡುತ್ತಿದ್ದಳು. ಅವಳಿಗೆ ಇದನ್ನು ಯಾರೂ ತರಬೇತಿಯಲ್ಲಿ ಕಲಿಸಿರಲಿಲ್ಲ. ಅಂಕಿ ಅದೇ ದಿನ ಅವಳ ಕೈಗೆ ಬರುತ್ತಿತ್ತು, ಅದರ ಮೇಲೆ ಅವಳ ದುಡ್ಡು ನಿಂತಿತ್ತು, ಅದನ್ನು ಪ್ರಶ್ನಿಸಿದರೆ ಯಾರೂ ಅವಳನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಕಲಿಸಿದ್ದು ಇಷ್ಟೇ.

ಅದೇ ಅವ್ವ ಶಾನಭೋಗರ ಮನೆಯ ಜಗಲಿಗೆ ಹೋದಾಗ ಬೇರೆಯೇ ಹೆಂಗಸಾಗುತ್ತಿದ್ದಳು. ಅಲ್ಲಿನ ಕಡತದಲ್ಲಿ ತನ್ನ ಹೊಲದ ಸರ್ವೆ ನಂಬರಿನ ಎದುರು ಏನು ಬರೆದಿದೆಯೋ ದೇವರೇ ಬಲ್ಲ ಎಂದು ಸೆರಗು ಹೊದ್ದು ಮೂಲೆಯಲ್ಲಿ ನಿಲ್ಲುತ್ತಿದ್ದಳು. ಮುಂದೆ ಶಾನಭೋಗಿಕೆ ಹೋಯಿತು. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ದೊಡ್ಡ ಕೆಲಸವೇ. ಆದರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ತೆಗೆಸಿಕೊಂಡ ಎಷ್ಟು ಜನ ಅದರ ಒಂದೊಂದು ಕಾಲಮ್ಮು ಏನು ಹೇಳುತ್ತದೆಂದು ಓದಬಲ್ಲವರಾಗಿದ್ದರು? ನಾನು ಕಂಡ ಮಟ್ಟಿಗೆ ಹೊರಗಿನ ಚಹಾದಂಗಡಿಯಲ್ಲಿ ಕೂತ ಯಾರಿಗೋ ಹತ್ತು ರೂಪಾಯಿ ಕೊಟ್ಟು ಓದಿಸುತ್ತಿದ್ದರು. ನಿನ್ನ ಟ್ಯಾಬಿನ ಬಗ್ಗೆ ನನಗಿರುವ ಹೆದರಿಕೆ ಇಂಥದ್ದೇ. ಕಾಗದ ಹೋಗಿ ಪರದೆ ಬಂದಿದೆ. ಬರೆದವಳಿಗೆ ಅದು ಈಗಲೂ ಪರರ ಕಡತ.

ನಾನೂ ನಿನ್ನಂತೆ ಸಂಸ್ಥೆಯಲ್ಲಿದ್ದ ಕಾಲದಲ್ಲಿ ಟ್ಯಾಬ್ ಇರಲಿಲ್ಲ, ರಿಜಿಸ್ಟರ್ ಇತ್ತು. ತಿಂಗಳ 25ಕ್ಕೆ ಎಂಪಿಆರ್, ಅಂದರೆ ಮಾಸಿಕ ಪ್ರಗತಿ ವರದಿ, ಹೋಗಬೇಕು. 24ರ ರಾತ್ರಿ ಕ್ಲಸ್ಟರಿನ ಎಲ್ಲ ಕಾರ್ಯಕರ್ತೆಯರೂ ಒಂದೇ ಮನೆಯಲ್ಲಿ ಕೂತು, ಕಾರ್ಬನ್ ಪೇಪರ್ ಇಟ್ಟು, ಒಬ್ಬರದನ್ನು ಒಬ್ಬರು ನೋಡಿ ತುಂಬುತ್ತಿದ್ದರು. ಮಂಡಕ್ಕಿ, ಮಿರ್ಚಿ, ನಗು ಎಲ್ಲ ಇರುತ್ತಿತ್ತು. ನನಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುತ್ತಿದ್ದೆ.

ಒಂದು ಸಲ ಮಕ್ಕಳ ತೂಕದ ರಿಜಿಸ್ಟರನ್ನು ಸುಮ್ಮನೆ ತಿರುವುತ್ತಿದ್ದೆ. 9.5, 10, 10.5, 11, 9, 10. ಪುಟದ ಮೇಲೆ ಪುಟ ಇದೇ. ನೇತುಹಾಕುವ ತಕ್ಕಡಿಯಲ್ಲಿ ನೂರು ಗ್ರಾಮಿಗೊಂದು ಗೆರೆ ಇರುತ್ತದೆ. ಹಾಗಿದ್ದ ಮೇಲೆ 9.3, 10.7, 11.2 ಎಲ್ಲಿ ಹೋದವು? ನಮ್ಮ ಜನಗಣತಿಯಲ್ಲಿ ವಯಸ್ಸು ಕೇಳಿದಾಗ 40, 45, 50 ಎನ್ನುವವರು ರಾಶಿಯಾಗಿ, 43 ಎನ್ನುವವರು ವಿರಳವಾಗಿ ಸಿಗುವುದು ಲೆಕ್ಕಶಾಸ್ತ್ರದವರಿಗೆಲ್ಲ ಗೊತ್ತಿರುವ ಹಳೆಯ ಸಂಗತಿ. ಸೊನ್ನೆ ಮತ್ತು ಐದರ ಮೇಲೆ ಅಂಕಿಗಳು ಗುಂಪುಗೂಡಿದರೆ ಅವು ಅಳೆದವಲ್ಲ, ಅಂದಾಜಿನವು. ನೀನು ನಿನ್ನ ಎಕ್ಸೆಲ್ಲಿನಲ್ಲಿ ಇವತ್ತೇ ನೋಡಬಹುದು, ಐದು ನಿಮಿಷದ ಕೆಲಸ. ದಶಾಂಶದ ನಂತರದ ಅಂಕಿಯನ್ನಷ್ಟೇ ಬೇರೆ ಮಾಡಿ ಎಣಿಸು. ಸೊನ್ನೆಯಿಂದ ಒಂಬತ್ತರವರೆಗೆ ಹೆಚ್ಚುಕಡಿಮೆ ಸಮನಾಗಿ ಹರಡಿದ್ದರೆ ತೂಗಿದ್ದಾರೆ ಎಂದು ನಂಬಬಹುದು.

ಆದರೆ ಸಿಕ್ಕಿತು ಕಳ್ಳತನ ಎಂದು ಹಿಗ್ಗಬೇಡ. ಅಂಗನವಾಡಿಯಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ತೊಲೆಗೆ ತಕ್ಕಡಿ ಕಟ್ಟಿದೆ, ಕೂಸು ಕಿರುಚುತ್ತಾ ಕಾಲು ಬಡಿಯುತ್ತಿದೆ, ಮುಳ್ಳು ಹತ್ತರಿಂದ ಹನ್ನೊಂದರ ನಡುವೆ ಕುಣಿಯುತ್ತಿದೆ, ಹಿಂದೆ ಹದಿನೈದು ತಾಯಂದಿರು ಕೂಲಿಗೆ ಹೊತ್ತಾಯಿತೆಂದು ಗೊಣಗುತ್ತಿದ್ದಾರೆ. ಟೀಚರು ಹತ್ತೂವರೆ ಎಂದು ಬರೆದುಬಿಡುತ್ತಾಳೆ. ಆ ಅರ್ಧ ಕಿಲೋ ಹೆಚ್ಚುಕಡಿಮೆಯಿಂದ ಒಂದು ಕೂಸು ಬೆಳವಣಿಗೆಯ ಚಾರ್ಟಿನಲ್ಲಿ ಹಳದಿಯಿಂದ ಹಸಿರಿಗೆ ಹಾರಿಬಿಡಬಹುದು ಎಂದು ಅವಳಿಗೆ ಯಾರೂ ತೋರಿಸಿಲ್ಲ. ಅವಳಿಗೆ 2021ರಿಂದ ಸರಕಾರದ ಪೋಷಣ್ ಟ್ರ್ಯಾಕರ್ ಆಪ್ ಬೇರೆ ಇದೆ. ಅದರ ಮೇಲೆ ನಿನ್ನ ಸಂಸ್ಥೆಯ ಫಾರ್ಮ್ಯಾಟು. ಒಂದೇ ತೂಕವನ್ನು ಎಷ್ಟು ಕಡೆ ಬರೆದಾಳು?

ಈಗ ನನ್ನದೊಂದು. ಆಗ ನಮ್ಮದು ಆರು ಕ್ಲಸ್ಟರ್. ತ್ರೈಮಾಸಿಕ ಸಭೆಯಲ್ಲಿ ನಾನು ಗೋಡೆಗೆ ಚಾರ್ಟ್ ಅಂಟಿಸಿ, ಯಾವ ಕ್ಲಸ್ಟರಿನಲ್ಲಿ ಕೆಂಪು ಪಟ್ಟಿಯ, ಅಂದರೆ ತೂಕ ತೀರಾ ಕಡಿಮೆ ಇರುವ, ಮಕ್ಕಳು ಕಡಿಮೆಯಾದರೋ ಅವರಿಗೆ ಚಪ್ಪಾಳೆ ತಟ್ಟಿಸಿದೆ. ಒಂದು ಕ್ಲಸ್ಟರಿನಲ್ಲಿ ಸಂಖ್ಯೆ ಏರಿತ್ತು. ಅಲ್ಲಿನ ಕಾರ್ಯಕರ್ತೆಯನ್ನು ಎಲ್ಲರ ಎದುರಿಗೆ ನಿಲ್ಲಿಸಿ ಕಾರಣ ಕೇಳಿದೆ. ಅವಳು ಏನೂ ಹೇಳಲಿಲ್ಲ. ಮುಂದಿನ ತ್ರೈಮಾಸಿಕದಲ್ಲಿ ಆರೂ ಕ್ಲಸ್ಟರುಗಳು ಸುಧಾರಿಸಿದ್ದವು. ನಾನು ಸಂತೋಷದಿಂದ ಸಹಿ ಹಾಕಿ ವರದಿ ಕಳಿಸಿದೆ. ಬಹಳ ದಿನಗಳ ಮೇಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ಅವಳೇ ಹೇಳಿದಳು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದವರು ಆ ಸಲ ಹಬ್ಬಕ್ಕೆ ವಾಪಸು ಬಂದಿದ್ದರಂತೆ. ಅವರ ಮನೆಮನೆಗೆ ಹೋಗಿ ಅಂಗನವಾಡಿಯ ಪಟ್ಟಿಯಲ್ಲೇ ಇಲ್ಲದ ಕೂಸುಗಳನ್ನು ಅವಳು ಎತ್ತಿ ತಂದು ತೂಗಿದ್ದಳು. ಕೆಂಪು ಏರಿದ್ದು ಅವಳು ಕೆಲಸ ಮಾಡಿದ್ದರಿಂದ. "ಅಕ್ಕಾರ, ನೀವು ಬೈದ ಮ್ಯಾಲ ಮತ್ತ ಅವರ ಮನಿಗೆ ಹೋಗಲಿಲ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅಂಕಿಯನ್ನು ಬಹುಮಾನಕ್ಕೋ ಬೈಗುಳಕ್ಕೋ ಕಟ್ಟಿದ ದಿನವೇ ಅದು ಸುಳ್ಳು ಹೇಳಲು ಕಲಿಯುತ್ತದೆ. ಇದನ್ನು ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಬೇರೆ ಮಾತಿನಲ್ಲಿ ಹೇಳಿದ್ದಾರೆ. ನನಗೆ ಬಸ್ಸಿನಲ್ಲಿ ಗೊತ್ತಾಯಿತು.

ನೀನು ತರಬೇತಿ ಕೊಡಬೇಡ ಎನ್ನುತ್ತಿಲ್ಲ. ಏನು ಕಲಿಸುತ್ತೀ ಎಂಬುದು ಮುಖ್ಯ. ಪಿವಟ್ ಟೇಬಲ್ ಆರು ತಿಂಗಳು ಕಾಯಲಿ. ಮೊದಲು ಛೇದವನ್ನು ಕಲಿಸು. ನಾಲ್ಕನೇ ಇಯತ್ತೆಯಲ್ಲಿ ಅಂಶ ಮೇಲೆ, ಛೇದ ಕೆಳಗೆ ಎಂದು ಕಲಿತಿದ್ದೇವೆ. ಆಮೇಲೆ ಎಲ್ಲರೂ ಮೇಲಿನದನ್ನಷ್ಟೇ ನೋಡುತ್ತೇವೆ. "ಶೇಕಡಾ 80 ಮಕ್ಕಳು ಸುಧಾರಿಸಿದ್ದಾರೆ" ಎಂದು ವರದಿ ಬಂದರೆ, ಯಾರಲ್ಲಿ 80 ಎಂದು ಕೇಳುವ ಅಭ್ಯಾಸ ಬೆಳೆಸು. ಊರಲ್ಲಿ ನೂರು ಮಕ್ಕಳಿದ್ದು, ಪಟ್ಟಿಯಲ್ಲಿ ಅರವತ್ತು, ಎರಡೂ ಸಲ ತೂಕಕ್ಕೆ ಬಂದದ್ದು ನಲವತ್ತು, ಅದರಲ್ಲಿ ಮೂವತ್ತೆರಡು ಸುಧಾರಿಸಿದ್ದರೆ 80 ಸರಿಯೇ. ಆದರೆ ಊರಿನ ಲೆಕ್ಕಕ್ಕೆ ಅದು 32. ಮಿಕ್ಕ ಅರವತ್ತೆಂಟರಲ್ಲಿ ಎಂಟು ಸುಧಾರಿಸಲಿಲ್ಲ, ಅರವತ್ತರ ಸುದ್ದಿಯೇ ನಮಗೆ ಗೊತ್ತಿಲ್ಲ. ಆ ಅರವತ್ತು ಯಾರ ಮನೆಯ ಮಕ್ಕಳು ಎಂದು ಕೇಳಿನೋಡು. ನಿನ್ನ ಕಾರ್ಯಕರ್ತೆ ಓಣಿ ಹೆಸರು ಹಿಡಿದು ಹೇಳುತ್ತಾಳೆ. ಬಹಳಷ್ಟು ಸಲ ಅದು ಊರ ಹೊರಗಿನ ಓಣಿಯಾಗಿರುತ್ತದೆ. ಆಗ ಛೇದ ಎಂಬುದು ಗಣಿತದ ಮಾತಾಗಿ ಉಳಿಯುವುದಿಲ್ಲ.

ಖಾಲಿ ಬಿಟ್ಟದ್ದಕ್ಕೂ ಸೊನ್ನೆಗೂ ಇರುವ ಅಂತರ ಇನ್ನೊಂದು. ಅತಿಸಾರ ಆದ ಮಕ್ಕಳು ಸೊನ್ನೆ ಎಂದರೆ ಮನೆಗಳಿಗೆ ಹೋಗಿ ಕೇಳಿದೆ, ಯಾರಿಗೂ ಆಗಿಲ್ಲ ಎಂದು. ಖಾಲಿ ಎಂದರೆ ಹೋಗಲಿಲ್ಲ ಎಂದು. ಆಪ್ ಖಾಲಿ ಬಿಡಲು ಒಪ್ಪುವುದಿಲ್ಲ, ಮುಂದಿನ ಪುಟ ತೆರೆಯುವುದಿಲ್ಲ, ಆದ್ದರಿಂದ ಎಲ್ಲರೂ ಸೊನ್ನೆ ಒತ್ತುತ್ತಾರೆ. ಹೋಗದೇ ಇದ್ದ ಹಳ್ಳಿಗಳೆಲ್ಲ ಹೀಗೆ ರಾತ್ರೋರಾತ್ರಿ ಆರೋಗ್ಯವಂತ ಹಳ್ಳಿಗಳಾಗಿಬಿಡುತ್ತವೆ. ಇದು ಆಪಿನವರ ತಪ್ಪು, ನಿನ್ನ ಹುಡುಗಿಯರದಲ್ಲ. 'ಹೋಗಲಿಲ್ಲ' ಎಂದು ಒತ್ತಲು ಒಂದು ಗುಂಡಿ ಮಾಡಿಸು.

ಸಣ್ಣ ಸಂಖ್ಯೆಯ ಚೇಷ್ಟೆಯನ್ನೂ ತೋರಿಸು. ಇಪ್ಪತ್ತು ಮಕ್ಕಳ ಅಂಗನವಾಡಿಯಲ್ಲಿ ಒಂದು ಕೂಸಿಗೆ ಜ್ವರ ಬಂದು ತೂಕ ಇಳಿದರೆ ಕಡಿಮೆ ತೂಕದವರ ಪಾಲು ಶೇಕಡಾ 5 ಏರುತ್ತದೆ. ಮುಂದಿನ ತಿಂಗಳು ಅದು ಚೇತರಿಸಿಕೊಂಡರೆ ಶೇಕಡಾ 5 ಇಳಿಯುತ್ತದೆ. ಇದಕ್ಕೊಂದು ಸಭೆ, ಅದಕ್ಕೊಂದು ಸನ್ಮಾನ ಬೇಕಾಗಿಲ್ಲ. ಅಷ್ಟು ಸಣ್ಣ ಊರಿನಲ್ಲಿ ಶೇಕಡಾ ಬರೆಯುವುದನ್ನೇ ಬಿಟ್ಟು, ಇಪ್ಪತ್ತರಲ್ಲಿ ಮೂವರು ಎಂದು ಬರೆದರೆ ಸಾಕು. ಆ ಮೂವರ ಮುಖ ಅವಳಿಗೆ ಗೊತ್ತಿದೆ.

ಇನ್ನು ಕಂಪ್ಯೂಟರಿನ ಚಿಲ್ಲರೆ ಕಾಟಗಳು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಹೆಸರುಗಳನ್ನು ಯೂನಿಕೋಡಿನವು ಗುರುತಿಸುವುದೇ ಇಲ್ಲ. ಒಂದೇ ಮಗು ಇಂಗ್ಲಿಷಿನ ಮೂರು ಕಾಗುಣಿತದಿಂದ ಮೂವರಾಗುತ್ತದೆ. 5/6 ಎಂದು ಹಾಕಿದ ಹುಟ್ಟಿದ ದಿನ ಜೂನ್ ಐದೋ ಮೇ ಆರೋ ಎನ್ನುವುದನ್ನು ಎಕ್ಸೆಲ್ ತನಗೆ ತೋಚಿದಂತೆ ತೀರ್ಮಾನಿಸುತ್ತದೆ. ಇವನ್ನು ಸರಿಪಡಿಸುವ ಹೊಣೆ ಆಫೀಸಿನದು. ಇವುಗಳ ಸಲುವಾಗಿ ಹಳ್ಳಿಯಲ್ಲಿ ಓಡಾಡುವವಳನ್ನು ದಡ್ಡಿ ಎನ್ನಬೇಡ.

ಓದು ಕಡಿಮೆ ಇದ್ದವರ ಕೈಯಲ್ಲಿ ಅಂಕಿ ಏನು ಮಾಡಬಲ್ಲದು ಎಂಬುದಕ್ಕೆ ನಾನು ಯಾವಾಗಲೂ ಗಡಚಿರೋಲಿಯನ್ನು ನೆನೆಯುತ್ತೇನೆ. ಮಹಾರಾಷ್ಟ್ರದ ಆ ಕಾಡು ಜಿಲ್ಲೆಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಕೂಸುಗಳ ನ್ಯುಮೋನಿಯಾ ಗುರುತಿಸಲು ಊರಿನ ಸೂಲಗಿತ್ತಿಯರನ್ನೇ ಸಿದ್ಧಗೊಳಿಸಿದರು. ಕೂಸಿನ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ಅಪಾಯ. ಆದರೆ ಆ ಅಜ್ಜಿಯರಿಗೆ ಅಷ್ಟು ದೂರ ಎಣಿಕೆ ಬರುತ್ತಿರಲಿಲ್ಲ. ಅವರಿಗೆ ಎಣಿಕೆ ಕಲಿಸುವ ತರಬೇತಿಯನ್ನು ಬಂಗ್ ದಂಪತಿ ಇಡಲಿಲ್ಲ. ಒಂದು ಮರಳು ಗಡಿಯಾರ, ಒಂದು ಮಣಿಗಳ ಸಾಲು ಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲು ಕೆಂಪು ಮಣಿ ಬಂತೆಂದರೆ ಔಷಧಿ. ಅಂಕಿ ಅಲ್ಲೇ ಹುಟ್ಟಿತು, ಅಲ್ಲೇ ಓದಿಸಿಕೊಂಡಿತು, ಅಲ್ಲೇ ಕೆಲಸಕ್ಕೆ ಬಂತು. ಮುಂದೆ ಅಲ್ಲಿಯೇ ಒಂದಿಷ್ಟು ಶಾಲೆ ಓದಿದ ಹಳ್ಳಿಯ ಹೆಣ್ಣುಮಕ್ಕಳು 39 ಊರುಗಳಲ್ಲಿ ಬಾಣಂತಿಯ ಮನೆಗೆ ಹೋಗಿ ಹಸುಗೂಸುಗಳ ತೂಕ, ಉಸಿರು, ಮೈಶಾಖ ಎಲ್ಲ ಬರೆದುಕೊಂಡು ಆರೈಕೆ ಮಾಡಿದರು. ಕೂಸುಗಳ ಸಾವು ಆರೈಕೆ ಇಲ್ಲದ ಊರುಗಳಿಗೆ ಹೋಲಿಸಿದರೆ ಶೇಕಡಾ 62ರಷ್ಟು ತಗ್ಗಿತೆಂದು 1999ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಕೂಸು ನೋಡುತ್ತಾರಲ್ಲ, ಅದರ ಬೇರು ಅಲ್ಲಿದೆ.

ರಾಜಸ್ಥಾನದ್ದು ಇನ್ನೊಂದು ದಾರಿ. ಅರುಣಾ ರಾಯ್ ಮತ್ತು ಅವರ ಜೊತೆಗಾರರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಬಹಿರಂಗ ವಿಚಾರಣೆ, ಅಂದರೆ ಜನಸುನ್‌ವಾಯಿ ನಡೆಸಿತು. ಸರಕಾರಿ ಕಾಮಗಾರಿಯ ಮಸ್ಟರ್ ರೋಲು, ಬಿಲ್ಲುಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಹೋಗಿದೆ ಎಂದು ಕಂಡುಹಿಡಿಯಲು ಯಾವ ಆಡಿಟರೂ ಬೇಕಾಗಲಿಲ್ಲ. ಅಕ್ಷರ ಬಾರದವರೂ ಕೇಳಿಸಿಕೊಂಡು ಎದ್ದು ನಿಂತು, ಇದು ಸುಳ್ಳು ಎಂದರು. ಆ ಹಾದಿಯೇ ಬೆಳೆದು 2005ರ ಮಾಹಿತಿ ಹಕ್ಕಿನ ಕಾಯ್ದೆಯವರೆಗೆ ಬಂತು. ಯಾರ ಬಗ್ಗೆ ಬರೆದಿದೆಯೋ ಅವರ ಕಿವಿಗೆ ಬೀಳುವಂತೆ ಓದುವುದಕ್ಕಿಂತ ದೊಡ್ಡ ಪರೀಕ್ಷೆ ಅಂಕಿಗೆ ಬೇರೆ ಇಲ್ಲ.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ, ಮಗಳೇ. ನಿನ್ನ ಸಂಸ್ಥೆಯಲ್ಲಿ ಅಂಕಿ ಒಂದೇ ದಿಕ್ಕಿಗೆ ಹರಿಯುತ್ತಿದೆ. ಹಳ್ಳಿಯಿಂದ ಕ್ಲಸ್ಟರಿಗೆ, ಕ್ಲಸ್ಟರಿನಿಂದ ನಿನಗೆ, ನಿನ್ನಿಂದ ಬೆಂಗಳೂರಿಗೆ, ಅಲ್ಲಿಂದ ಹಣ ಕೊಡುವವರಿಗೆ. ತಿರುಗಿ ಬರುವುದು ಬೈಗುಳ ಮಾತ್ರ. ಅದನ್ನು ವಾಪಸು ಹರಿಸು. ಪ್ರತಿ ತಿಂಗಳ ಸಭೆಯ ಮೊದಲ ಒಂದು ತಾಸನ್ನು ಇದಕ್ಕೇ ತೆಗೆದಿಡು. ಪ್ರೊಜೆಕ್ಟರ್ ಬೇಡ. ಚಾರ್ಟ್ ಹಾಳೆಯ ಮೇಲೆ ಒಬ್ಬೊಬ್ಬಳೂ ತನ್ನ ಊರಿನ ಒಂದೇ ಒಂದು ಅಂಕಿಯನ್ನು ಕೈಯಾರೆ ಬರೆಯಲಿ. ತನಗೆ ಅನುಮಾನ ಬಂದದ್ದು, ಆಶ್ಚರ್ಯ ತಂದದ್ದು, ಹೆದರಿಸಿದ್ದು, ಯಾವುದಾದರೂ ಸರಿ. ಅದರ ಹಿಂದೆ ಯಾರಿದ್ದಾರೆ, ಯಾಕೆ ಹೀಗಾಗಿರಬಹುದು ಎಂದು ಅವಳೇ ಹೇಳಲಿ. ಉಳಿದವರು ಪ್ರಶ್ನೆ ಕೇಳಲಿ. ನೀನು ಬಾಯಿ ಮುಚ್ಚಿ ಕೂತಿರು. ಇದು ನಿನಗೆ ಎಲ್ಲಕ್ಕಿಂತ ಕಷ್ಟ ಎಂದು ನನಗೆ ಗೊತ್ತು, ನಮ್ಮ ಮನೆತನದ ಗುಣ ಅದು. ಕಡೆಗೆ ಮುಂದಿನ ತಿಂಗಳು ಇದರಿಂದ ಏನು ಬದಲಾಗುತ್ತದೆ ಎಂದು ಒಂದು ಸಾಲು ಬರೆದುಕೊಳ್ಳಿರಿ. ಯಾವ ಊರಿಗೆ ಹೆಚ್ಚು ಹೋಗಬೇಕು, ಯಾವ ತಕ್ಕಡಿ ರಿಪೇರಿಯಾಗಬೇಕು, ಯಾವ ತಾಯಿಯನ್ನು ಪಿಎಚ್‌ಸಿಗೆ ಕರೆದೊಯ್ಯಬೇಕು, ಹೀಗೆ. ಕ್ಲಸ್ಟರುಗಳಿಗೆ ಒಂದನೇ, ಎರಡನೇ ಸ್ಥಾನ ಕೊಡುವುದು ಎಂದೆಂದಿಗೂ ಬೇಡ.

ಮೊದಲ ಎರಡು ಮೂರು ತಿಂಗಳು ಯಾರೂ ಮಾತಾಡುವುದಿಲ್ಲ. ನಿನ್ನ ಮುಖ ನೋಡುತ್ತಾರೆ. ಯಾವಳೋ ಒಬ್ಬಳು ಧೈರ್ಯ ಮಾಡಿ, "ಮೇಡಮ್ಮಾರ, ಹೋದ ತಿಂಗಳ ನಾ ತೂಗಿದ್ದಿಲ್ರಿ, ಅಂದಾಜಿನ ಮ್ಯಾಲ ಬರದೀನ್ರಿ" ಎನ್ನುತ್ತಾಳೆ. ನಿನ್ನ ಸಂಸ್ಥೆಯ ಹಣೆಬರಹ ಆ ಗಳಿಗೆಯಲ್ಲಿ ನಿನ್ನ ಮುಖದಲ್ಲಿ ಏನು ಕಾಣುತ್ತದೆ ಎನ್ನುವುದರ ಮೇಲಿದೆ. ಸಿಟ್ಟು ಕಂಡರೆ ಮುಗಿಯಿತು, ಇನ್ನು ಹತ್ತು ವರ್ಷ ಯಾರೂ ನಿನಗೆ ನಿಜ ಹೇಳುವುದಿಲ್ಲ. "ಒಳ್ಳೇದಾತು ಹೇಳಿದ್ದು, ತೂಗಾಕ ಏನು ಅಡ್ಡ ಬಂತು?" ಎಂದು ಕೇಳಿದೆಯೋ, ಅವತ್ತಿನಿಂದ ನಿಮ್ಮ ಅಂಕಿಗೆ ಬೆಲೆ ಬರುತ್ತದೆ.

ಫಾರ್ಮ್ಯಾಟನ್ನೂ ಸಣ್ಣದು ಮಾಡು. ವರ್ಷವಿಡೀ ಯಾರೂ ತಿರುಗಿ ನೋಡದ ಕಾಲಮ್ಮುಗಳನ್ನು ಹುಡುಕಿ ಕಿತ್ತುಹಾಕು. ಎಲ್ಲೋ ಒಂದು ದಿನ ಬೇಕಾದೀತು ಎಂದು ಕೂಡಿಸಿಟ್ಟ ಪ್ರಶ್ನೆಗಳಿಂದ ಫಾರ್ಮು ಉದ್ದವಾಗುತ್ತದೆ, ಅಂದಾಜು ಹೆಚ್ಚುತ್ತದೆ. ಮಕ್ಕಳ ಹೆಸರು, ತಾಯಿ ಕಾರ್ಡಿನ ಫೋಟೋ, ಫೋನ್ ನಂಬರುಗಳನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದನ್ನು ಇವತ್ತೇ ನಿಲ್ಲಿಸು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆಂದು ಕಾಯ್ದೆ ಬಂದಿದೆ ಎನ್ನುವುದು ಒಂದು. ಅದಿಲ್ಲದಿದ್ದರೂ, ತನ್ನ ಕೂಸು ಕೆಂಪು ಪಟ್ಟಿಯಲ್ಲಿದೆ ಎಂದು ಓಣಿಗೆಲ್ಲ ಗೊತ್ತಾದ ತಾಯಿ ಮತ್ತೆ ತೂಗಿಸಲು ಬರುವುದಿಲ್ಲ.

ಹಣ ಕೊಡುವವರ ಚಿಂತೆ ನಿನಗೆ ಇದ್ದೇ ಇದೆ. 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಿಎಸ್‌ಆರ್‌ಗೆ ಕೊಡಲೇಬೇಕಾದ ಮೇಲೆ ನಮ್ಮಂಥ ಸಂಸ್ಥೆಗಳಿಗೆ ಹಣವೂ ಬಂತು, ಮೂರು ತಿಂಗಳಿಗೊಮ್ಮೆ ಏರುವ ಗೆರೆ ತೋರಿಸಬೇಕಾದ ಸಂಕಟವೂ ಬಂತು. ನಿಮ್ಮ ಪ್ರೊಪೋಸಲ್ಲಿನಲ್ಲಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣವನ್ನು ಒಂದು ವರ್ಷದಲ್ಲಿ ಶೇಕಡಾ 10ರಷ್ಟು ಇಳಿಸುತ್ತೇವೆ ಎಂದು ಬರೆದದ್ದನ್ನು ನೀನೇ ಓದಿ ಹೇಳಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡು. ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಇಂಥ ಮಕ್ಕಳು 2015-16ರಲ್ಲಿ ಶೇಕಡಾ 36.2 ಇದ್ದರು, 2019-21ರಲ್ಲಿ 35.4. ಇಡೀ ಸರಕಾರ, ಎಲ್ಲ ಅಂಗನವಾಡಿಗಳು ಸೇರಿ ಎಳೆದರೂ ಅಲುಗಿದ್ದು ಒಂದಕ್ಕಿಂತ ಕಡಿಮೆ. ಎತ್ತರ ಒಂದು ವರ್ಷದಲ್ಲಿ ತಿದ್ದುವಂಥದ್ದಲ್ಲ, ಅದು ತಾಯಿಯ ಬಸಿರಿನಿಂದಲೇ ಶುರುವಾಗುವ ಲೆಕ್ಕ. ಹೀಗಿರುವಾಗ ನಿನ್ನ ಹತ್ತು ಎಲ್ಲಿಂದ ಬಂದೀತು? ಹಳ್ಳಿಯಿಂದ ಬರುವುದಿಲ್ಲ, 24ರ ರಾತ್ರಿಯಿಂದ ಬರುತ್ತದೆ. ನಿನ್ನ ಸಿಬ್ಬಂದಿ ಸುಳ್ಳು ಬರೆಯುವ ಮೊದಲೇ ಪ್ರೊಪೋಸಲ್ ಬರೆದವರು ಅವರಿಂದ ಅದನ್ನು ಬರೆಸಿ ಆಗಿದೆ.

ಆದ್ದರಿಂದ ನಿಮ್ಮ ಸಂಸ್ಥೆಯ ಬೋರ್ಡಿನವರಿಗೂ ಅದೇ ಒಂದು ತಾಸಿನ ಪಾಠ ಬೇಕು. ಹಳ್ಳಿಯವಳಿಗಿಂತ ಮೊದಲು ಅವರಿಗೇ ಬೇಕು ಎಂದು ನನ್ನ ಅನಿಸಿಕೆ. ಹಣ ಕೊಡುವವರಲ್ಲಿ ಎಲ್ಲರೂ ಕಿವುಡರಲ್ಲ. "ಈ ವರ್ಷ ಇಷ್ಟು ಊರುಗಳಲ್ಲಿ ಪಟ್ಟಿಯಲ್ಲೇ ಇಲ್ಲದ ಮಕ್ಕಳನ್ನು ಹುಡುಕಿ ತೂಗಿದ್ದೇವೆ, ಅದರಿಂದ ಕೆಂಪು ಏರಿದೆ" ಎಂದು ನೇರವಾಗಿ ಬರೆದರೆ ಅರ್ಥ ಮಾಡಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಒಪ್ಪದೆ ಹಣ ನಿಲ್ಲಿಸಿದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ನಿನಗೆ ಅದು ಬಂದರೆ ನಾಲ್ಕು ದಿನ ಕಷ್ಟವಾಗುತ್ತದೆ. ಆಗ ನನಗೆ ಫೋನ್ ಮಾಡು.

ಬೆಂಗಳೂರಿನವರ ತರಬೇತಿಯನ್ನು ರದ್ದು ಮಾಡಬೇಡ, ಮುಂದೆ ಹಾಕು. ಸಭೆಗಳು ಹಳಿಗೆ ಬಂದು, ನಿನ್ನ ಹುಡುಗಿಯರಲ್ಲೇ ಒಬ್ಬಳು, "ಈ ಮೂರು ಊರಿನ ಲೆಕ್ಕ ಒಟ್ಟಿಗೆ ಬೇಗ ನೋಡಾಕ ಏನಾರ ದಾರಿ ಐತೇನ್ರೀ?" ಎಂದು ತಾನಾಗಿ ಕೇಳಿದ ದಿನ ಅವರನ್ನು ಕರೆಸು. ಅವತ್ತು ಪಿವಟ್ ಟೇಬಲ್ ಅರ್ಧ ದಿನದಲ್ಲಿ ಬರುತ್ತದೆ. ಮುಂದಿನ ಬ್ಯಾಚಿಗೆ ಆ ಹುಡುಗಿಯೇ ಕಲಿಸಲಿ, ಅವಳ ಮಾತು ಉಳಿದವರಿಗೆ ಬೇಗ ತಿಳಿಯುತ್ತದೆ.

ಈ ತಿಂಗಳ ರಿಪೋರ್ಟು ಬಹುಶಃ ಸಿದ್ಧವಾಗಿರಬಹುದು. ಅದನ್ನು ಮೇಲಕ್ಕೆ ಕಳಿಸುವ ಮೊದಲು ಅಂಕಿ ತಂದವರನ್ನೆಲ್ಲ ಕೂರಿಸಿಕೊಂಡು ಒಮ್ಮೆ ಗಟ್ಟಿಯಾಗಿ ಓದು. ಅವರು ತಪ್ಪು ಎಂದದ್ದನ್ನು ತಿದ್ದಿ, ಎರಡು ದಿನ ತಡವಾದರೂ ಚಿಂತೆಯಿಲ್ಲ, ಆಮೇಲೆ ಕಳಿಸು. ಏನಾಯಿತೆಂದು ನನಗೆ ಬರೆ.

ಇತಿ ನಿನ್ನ
ದೊಡ್ಡವ್ವ